ಸುಳ್ಳು ಸಮಾಧಾನ ಹೇಳುತ್ತಿರುವುದು ದೇವರಾ, ನಾವಾ?

ಸಿಸ್ಟರ್ ಹತ್ರ ಕೇಳಿ: ಓದುಗರ ಪತ್ರಗಳಿಗೆ ಉತ್ತರ

31 ವರ್ಷ ನರ್ಸ್ ಆಗಿದ್ದೆ. ಕೊನೆಯ 14 ವರ್ಷ ಕ್ಯಾನ್ಸರ್ ವಾರ್ಡಿನಲ್ಲಿ. ಸಾಮಾನ್ಯವಾಗಿ ನನಗೆ ಬರುವ ಪತ್ರಗಳು ಊಟ, ಮಾತ್ರೆ, ಗಾಯದ ಡ್ರೆಸ್ಸಿಂಗ್ ಬಗ್ಗೆ ಇರುತ್ತವೆ. ಈ ತಿಂಗಳು ನಾಲ್ಕು ಪತ್ರಗಳಲ್ಲಿ ದೇವರು ಬಂದಿದ್ದಾನೆ. ಅದಕ್ಕೇ ಅವನ್ನು ಒಟ್ಟಿಗೆ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ಸಿಸ್ಟರ್, ನನಗೆ 36 ವರ್ಷ. ಊರು ತಿಪಟೂರು ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ಅಮ್ಮನಿಗೆ 63. ಪಿತ್ತಕೋಶದ ಕ್ಯಾನ್ಸರ್, ಲಿವರ್‌ಗೂ ಹರಡಿದೆ. ಇನ್ನು ಪ್ರಯೋಜನವಿಲ್ಲ ಅಂತ ಎರಡು ತಿಂಗಳ ಹಿಂದೆ ಡಾಕ್ಟರು ಕೀಮೋ ನಿಲ್ಲಿಸಿದರು. ಅಮ್ಮನಿಗೆ ನಾವು ಕ್ಯಾನ್ಸರ್ ಅಂತ ಹೇಳಿಲ್ಲ. ‘ಪಿತ್ತಕೋಶದಲ್ಲಿ ಕಲ್ಲು, ಕರಗುತ್ತೆ’ ಅಂದಿದ್ದೇವೆ. ಕೀಮೋಗೆ ‘ಶಕ್ತಿಗೆ ಡ್ರಿಪ್’ ಅಂದಿದ್ದೆವು. ಅಮ್ಮ ಮಾತ್ರ ‘ದೇವರಿದ್ದಾನೆ ಬಿಡು’ ಅಂತ ನಿಶ್ಚಿಂತೆಯಿಂದ ಇದ್ದಾರೆ. ಮೊನ್ನೆ ಅವಲಕ್ಕಿ ಸರ ತೆಗೆದು ನನ್ನ ಹೆಂಡತಿಗೆ ಕೊಟ್ಟರು. ಬಿತ್ತನೆ ರಾಗಿ ಎಲ್ಲಿಟ್ಟಿದ್ದೇನೆ ಅಂತ ಅಪ್ಪನಿಗೆ ತೋರಿಸಿದರು. ಈಗ ಹೊಸದೊಂದು ಹಠ. ನನಗೆ ಎರಡು ವರ್ಷವಿದ್ದಾಗ ಜ್ವರಕ್ಕೆ ಫಿಟ್ಸ್ ಬಂದಿತ್ತಂತೆ. ಆಗ ಮನೆದೇವರಿಗೆ ಬೆಲ್ಲದ ತುಲಾಭಾರ ಹರಕೆ ಹೊತ್ತಿದ್ದರಂತೆ, ತೀರಿಸಿಲ್ಲ. ‘ಅದೊಂದು ಬಾಕಿ ಇದೆ ಕಣೋ, ತೀರಿಸಿಬಿಡೋಣ’ ಅಂತಾರೆ. ನನಗೆ ಇದರಲ್ಲಿ ನಂಬಿಕೆ ಇಲ್ಲ. ನಾನು ತಕ್ಕಡಿಯಲ್ಲಿ ಕೂತರೆ ಅಮ್ಮನಿಗೆ ಸುಳ್ಳು ಆಸೆ ಹುಟ್ಟಿಸಿದ ಹಾಗೆ ಅಲ್ವಾ? ದೇವರು ಅನ್ನುವುದು ಬರೀ ಸುಳ್ಳು ಸಮಾಧಾನ ಅನ್ನಿಸುತ್ತದೆ.

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನೀವು ಬರೆದಿದ್ದನ್ನೇ ನಿಮಗೆ ತಿರುಗಿ ಹೇಳುತ್ತೇನೆ, ಕೇಳಿ. ಸರ ಸೊಸೆಯ ಕೈಗೆ ಬಂತು. ಬಿತ್ತನೆ ರಾಗಿ ಇರುವ ಜಾಗ ಅಪ್ಪನಿಗೆ ಗೊತ್ತಾಯಿತು. 34 ವರ್ಷದ ಹಿಂದಿನ ಹರಕೆ ನೆನಪಾಯಿತು. ನಾಳೆ ವಾಸಿಯಾಗಿ ಎದ್ದು ಓಡಾಡುತ್ತೇನೆ ಅಂದುಕೊಂಡ ಹೆಂಗಸು ಕೊರಳಿನ ಸರ ಬಿಚ್ಚಿ ಕೊಡುವುದಿಲ್ಲ.

ಅಮ್ಮನಿಗೆ ಗೊತ್ತು.

ನಮ್ಮ ಹಳ್ಳಿಗಳಲ್ಲಿ ಹರಕೆ ಅಂದರೆ ಸಾಲ ಇದ್ದ ಹಾಗೆ. ತೀರಿಸದೆ ಹೋದರೆ ಮಕ್ಕಳ ತಲೆಗೆ ಬರುತ್ತದೆ ಅನ್ನುತ್ತಾರೆ. ನಿಮ್ಮ ಅಮ್ಮ ತುಲಾಭಾರ ಮಾಡಿಸಿ ತಮ್ಮ ಪ್ರಾಣ ಕೇಳುತ್ತಿಲ್ಲ. ಆ ಹರಕೆ ಅವರದ್ದಲ್ಲ, ನಿಮ್ಮದು. ನಿಮ್ಮ ಮೇಲೆ ಏನೂ ಬಾಕಿ ಉಳಿಯಬಾರದು ಅಂತ ಲೆಕ್ಕ ಚುಕ್ತಾ ಮಾಡಿ ಹೊರಡಲು ನೋಡುತ್ತಿದ್ದಾರೆ. ನೀವು ಅದನ್ನು ಸುಳ್ಳು ಆಸೆ ಅಂದುಕೊಂಡಿದ್ದೀರಿ. ನನಗೆ ಅದರಲ್ಲಿ ಆಸೆಯೇ ಕಾಣುತ್ತಿಲ್ಲ. ಸಿದ್ಧತೆ ಕಾಣುತ್ತಿದೆ.

ಹಾಗಾದರೆ ಆ ಮನೆಯಲ್ಲಿ ಸುಳ್ಳು ಸಮಾಧಾನ ಹೇಳುತ್ತಿರುವವರು ಯಾರು? ದೇವರ ಕೋಣೆಯ ಪಟ ಏನೂ ಹೇಳಿಲ್ಲ. ‘ಕಲ್ಲು ಅಷ್ಟೇ, ಕರಗುತ್ತೆ’ ಅಂದವರು ನೀವು. ನಿಮ್ಮನ್ನು ಬೈಯುತ್ತಿಲ್ಲ. ಪ್ರೀತಿಯಿಂದಲೇ ಹಾಗೆ ಹೇಳಿದ್ದೀರಿ. ವಾರ್ಡಿನ ಬಾಗಿಲ ಹೊರಗೆ ಎಷ್ಟೋ ಮಕ್ಕಳು ನನ್ನ ಕೈ ಹಿಡಿದುಕೊಂಡು ‘ಸಿಸ್ಟರ್, ಅಪ್ಪನಿಗೆ ಹೇಳ್ಬೇಡಿ, ಎದೆ ಒಡ್ಕೊಂಡ್ ಬಿಡ್ತಾರೆ’ ಅನ್ನುತ್ತಿದ್ದರು. ಒಳಗೆ ಹೋದರೆ ಅದೇ ಅಪ್ಪ, ‘ಸಿಸ್ಟರ್, ನಂಗೆ ಗೊತ್ತಾಗಿದೆ ಅಂತ ಹುಡುಗರಿಗೆ ಹೇಳ್ಬೇಡಿ, ತಡ್ಕೊಳಲ್ಲ’ ಅನ್ನುತ್ತಿದ್ದರು. ಒಬ್ಬರನ್ನೊಬ್ಬರು ಕಾಪಾಡಲು ಹೋಗಿ ಇಬ್ಬರೂ ಒಂಟಿಯಾಗಿರುತ್ತಿದ್ದರು. ನಿಮ್ಮ ಅಮ್ಮನೂ ಈಗ ಹಾಗೇ ಇದ್ದಾರೆ. ಮನೆ ತುಂಬ ಜನ. ನಿಜ ಮಾತಾಡಲು ಮಾತ್ರ ಉಳಿದಿರುವುದು ಆ ದೇವರೊಬ್ಬನೇ.

ನನ್ನ ಮನೆಯದ್ದೇ ಒಂದು ವಿಷಯ ಹೇಳುತ್ತೇನೆ. 1978ರಲ್ಲಿ ನನಗೆ 19, ನನ್ನ ತಮ್ಮನಿಗೆ 11. ನಮ್ಮೂರು ಗುಂಡ್ಲುಪೇಟೆ ಕಡೆ. ಅವನಿಗೆ ರಕ್ತದ ಕ್ಯಾನ್ಸರ್ ಅಂತ ಮೈಸೂರಿನ ಆಸ್ಪತ್ರೆಯಲ್ಲಿ ಗೊತ್ತಾಯಿತು. ಅಮ್ಮ ನಂಜನಗೂಡಿಗೆ ಹರಕೆ ಹೊತ್ತರು. ನಮ್ಮ ಕಡೆಯವರಿಗೆ ನಂಜುಂಡೇಶ್ವರ ಅಂದರೆ ವೈದ್ಯನೇ. ಟಿಪ್ಪು ಸುಲ್ತಾನನ ಆನೆಗೆ ಅಲ್ಲಿ ಕಣ್ಣು ಬಂದು, ಅವನು ‘ಹಕೀಂ ನಂಜುಂಡ’ ಅಂತ ಕರೆದು ಪಚ್ಚೆ ಲಿಂಗ ಕೊಟ್ಟ ಅನ್ನುವ ಕಥೆ ಕೇಳಿಯೇ ನಾವು ಬೆಳೆದವರು. ಅಮ್ಮ ಒಂದು ರೂಪಾಯಿ, ಒಂದು ನಾಲ್ಕಾಣೆ ಸೇರಿಸಿ ಅರಿಶಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿದರು. ತಮ್ಮನ ತಲೆದಿಂಬಿನ ಕೆಳಗೆ ಇಟ್ಟರು. ಜ್ವರ ಬಂದು ಬೆವರಿದಾಗ ಬಟ್ಟೆಯ ಅರಿಶಿನ ದಿಂಬಿಗೆ ಹತ್ತುತ್ತಿತ್ತು. ಬೆಳಿಗ್ಗೆ ಹಾಸಿಗೆ ಬದಲಿಸುವ ಆಯಾ ಆ ಗಂಟನ್ನು ಎತ್ತಿ ಸೆರಗಿನಲ್ಲಿ ಇಟ್ಟುಕೊಂಡು, ಹೊಸ ಕವರು ಹಾಕಿ, ಮತ್ತೆ ಅದೇ ಜಾಗದಲ್ಲಿ ಇಡುತ್ತಿದ್ದಳು. ಒಂದು ದಿನವೂ ಮರೆಯಲಿಲ್ಲ. ನರ್ಸಿಂಗ್ ಅಂದರೆ ಏನು ಅಂತ ನಾನು ಮೊದಲು ಕಲಿತಿದ್ದು ಅವಳಿಂದ.

ಒಂದು ರಾತ್ರಿ ತಮ್ಮ ಕೇಳಿದ: ‘ಅಮ್ಮಾ, ನಾನು ಸತ್ತೋಗ್ತೀನಾ?’ ನಾನು ‘ಇಲ್ಲ ಕಣೋ’ ಅನ್ನಲು ಬಾಯಿ ತೆರೆದೆ. ಅಮ್ಮ ನನ್ನ ಕೈ ಅದುಮಿದರು. ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ‘ನಾನು ಇಲ್ಲೇ ಇರ್ತೀನಿ ಕಂದ. ನಂಜುಂಡನೂ ಇಲ್ಲೇ ಇರ್ತಾನೆ’ ಅಂದರು. ಅವನು ಹಾಗೇ ನಿದ್ದೆ ಹೋದ.

ಏಳನೇ ವಾರ ತೀರಿಕೊಂಡ.

ತಿಥಿ ಎಲ್ಲ ಮುಗಿದ ಮೇಲೆ ಅಮ್ಮ ಅದೇ ಮುಡಿಪು ಹಿಡಿದು ನಂಜನಗೂಡಿಗೆ ಹೊರಟರು. ನಾನೂ ಜೊತೆಗೆ ಹೋದೆ, ಸಿಟ್ಟಿನಲ್ಲೇ. ಕಪಿಲೆಯಲ್ಲಿ ಮುಳುಗಿ, ಒದ್ದೆ ಸೀರೆಯಲ್ಲೇ ಬಂದು ಹುಂಡಿಗೆ ಹಾಕಿದರು. ‘ಅವನೇ ಕೊಡ್ಲಿಲ್ಲ, ನೀನ್ಯಾಕೆ ಕೊಡ್ತೀಯ?’ ಅಂತ ಕೇಳಿದೆ. ಅಮ್ಮ ಹೇಳಿದ್ದು ಇಷ್ಟೇ: ‘ಅವನು ಕೊಡ್ಲಿಲ್ಲ ನಿಜ. ಕೊಡ್ತೀನಿ ಅಂದಿದ್ದು ನಾನಲ್ವಾ.’

ಆ ನಂಬಿಕೆ ನನ್ನ ತಮ್ಮನನ್ನು ಉಳಿಸಲಿಲ್ಲ. ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಏಳು ವಾರ ಅಮ್ಮ ಒಂದು ಸ್ಟೂಲಿನ ಮೇಲೆ ಕೂತು ಮಗನ ಮುಖ ನೋಡಿದರು. ಬಾಯಿಯ ಹುಣ್ಣು ತೊಳೆದರು, ರಕ್ತ ಒರೆಸಿದರು. ಒಂದು ಸಲವೂ ಮುಖ ತಿರುಗಿಸಲಿಲ್ಲ. ಅಪ್ಪ ನಂಬುವವರಲ್ಲ, ಅವರು ಕಾರಿಡಾರಿನಲ್ಲೇ ನಿಂತಿರುತ್ತಿದ್ದರು. ಒಳಗೆ ಬರಲು ಅವರಿಂದ ಆಗುತ್ತಿರಲಿಲ್ಲ. ಅಮ್ಮನಿಗೆ ಕೂರುವ ಬಲ ಎಲ್ಲಿಂದ ಬಂತೋ ಅದನ್ನು ನಾನು ಸುಳ್ಳು ಅನ್ನಲಾರೆ. ಸುಳ್ಳು ಸಮಾಧಾನ ಸಿಕ್ಕವರು ಕಾಯಿಲೆಯ ಕಡೆ ನೋಡುವುದಿಲ್ಲ. ಅಮ್ಮ ನೋಡುತ್ತಲೇ ಇದ್ದರು.

ಈಗ ನೀವು ಮಾಡಬೇಕಾದ ಕೆಲಸ. ಮೊದಲು ನೋವು. ಅಮ್ಮನಿಗೆ ಹೊಟ್ಟೆನೋವು, ಬೆನ್ನುನೋವು ಇದ್ದರೆ ಉಪಶಮನ ಚಿಕಿತ್ಸೆಯ ಡಾಕ್ಟರನ್ನು ಈ ವಾರವೇ ನೋಡಿ. ಪ್ಯಾಲಿಯೇಟಿವ್ ಕೇರ್ ಅಂತ ಕೇಳಿದರೆ ತೋರಿಸುತ್ತಾರೆ. ಮಾರ್ಫಿನ್ ಮಾತ್ರೆ ಅಂದರೆ ಹೆದರಬೇಡಿ. ಡಾಕ್ಟರು ಹೇಳಿದ ಅಳತೆಯಲ್ಲಿ, ಸಾಮಾನ್ಯವಾಗಿ ನಾಲ್ಕು ಗಂಟೆಗೊಂದು ಸಲ ಕೊಡುತ್ತಾರೆ. ಮಲ ಗಟ್ಟಿಯಾಗುತ್ತದೆ, ಅದಕ್ಕೂ ಔಷಧಿ ಜೊತೆಯಲ್ಲೇ ಕೇಳಿ. ನೋವು ಜೋರಾಗಿರುವಾಗ ದೇವರ ಹೆಸರೂ ನೆನಪಾಗುವುದಿಲ್ಲ, ಮಗನ ಮುಖವೂ ಬೇಕಾಗುವುದಿಲ್ಲ. ಮನೆಯಲ್ಲಿ ನೋಡಿಕೊಳ್ಳುವುದು ಕಷ್ಟವಾದರೆ ಬೆಂಗಳೂರಿನಲ್ಲಿ ಕರುಣಾಶ್ರಯ ಇದೆ. 1999ರಿಂದ ಗುಣವಾಗದ ಕ್ಯಾನ್ಸರ್ ರೋಗಿಗಳನ್ನು ಒಂದು ರೂಪಾಯಿ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದ್ದಾರೆ.

ಆಮೇಲೆ ಮಾತು. ಒಂದೇ ಸಲ ‘ನಿನಗೆ ಕ್ಯಾನ್ಸರ್’ ಅಂತ ಹೇಳಿಬಿಡಬೇಡಿ. ಪಕ್ಕದಲ್ಲಿ ಕೂತು, ‘ಅಮ್ಮ, ನಿನ್ನ ಕಾಯಿಲೆ ಬಗ್ಗೆ ನಿಂಗೇನನ್ಸುತ್ತೆ?’ ಅಂತ ಕೇಳಿ. ಕೇಳಿ ಸುಮ್ಮನಿರಿ. ಆ ಸುಮ್ಮನಿರುವುದೇ ಕಷ್ಟ. ಅವರು ಎಷ್ಟು ಬಾಗಿಲು ತೆರೆಯುತ್ತಾರೋ ಅಷ್ಟೇ ಒಳಗೆ ಹೋಗಿ. ಬೇಡ ಅಂದರೆ ಬೇಡ. ಇನ್ನೊಂದು ದಿನ ಅವರೇ ಮಾತು ತೆಗೆಯಬಹುದು.

ತುಲಾಭಾರಕ್ಕೆ ಹೋಗಿ. ನಂಬಿ ಅಂತ ಅಮ್ಮ ಕೇಳಿಲ್ಲ, ಕೂತುಕೋ ಅಂತ ಕೇಳಿದ್ದಾರೆ. ಅವರು ಲೆಕ್ಕ ಹಾಕಿದ್ದು ಎರಡು ವರ್ಷದ ಮಗುವಿನ ತೂಕಕ್ಕೆ. ಈಗ ಏಳೆಂಟು ಪಟ್ಟು ಬೆಲ್ಲ ಬೇಕಾಗುತ್ತದೆ, ತರಿಸಿ. ಮಿಕ್ಕಿದ್ದನ್ನು ಊರಿಗೆಲ್ಲ ಹಂಚಲಿ. ಅಮ್ಮನಿಗೆ ಕಾರಿನಲ್ಲಿ ಒರಗಿಕೊಳ್ಳಲು ಎರಡು ದಿಂಬು, ನೋವಿನ ಮಾತ್ರೆ, ವಾಂತಿಗೆ ಒಂದು ಕವರು, ಬದಲಿಸಲು ಒಂದು ಸೀರೆ ಇಟ್ಟುಕೊಳ್ಳಿ. ಪ್ರಯಾಣ ಆಗದಷ್ಟು ಸುಸ್ತಾಗಿದ್ದರೆ ನೀವು ಹೋಗಿ, ವಿಡಿಯೋ ಕಾಲ್ ಮಾಡಿ. ತಕ್ಕಡಿ ಮೇಲೇಳುವುದನ್ನು ಅವರು ನೋಡಲಿ.

ಪ್ರಶ್ನೆ: ಅಕ್ಕಾ, ನಮ್ಮದು ಕೊಪ್ಪಳ ಜಿಲ್ಲೆ. ನನ್ನ ಗಂಡನಿಗೆ ಎರಡೂ ಕಿಡ್ನಿ ಹೋಗಿವೆ, ವಾರಕ್ಕೆ ಎರಡು ಸಲ ಡಯಾಲಿಸಿಸ್. ಒಬ್ಬರು 60,000 ರೂಪಾಯಿಗೆ ಪೂಜೆ ಮಾಡಿ ಯಂತ್ರ ಕಟ್ಟುತ್ತೇನೆ, ಒಂದು ಮಂಡಲ ಮುಗಿಯೋ ಹೊತ್ತಿಗೆ ಕಿಡ್ನಿ ಚಾಲೂ ಆಗುತ್ತೆ ಅಂತಾರೆ. ಆ 48 ದಿನ ಮಷೀನಿಗೆ ಹೋಗಬಾರದಂತೆ, ಹೋದರೆ ನಂಬಿಕೆ ಇಲ್ಲ ಅಂತ ಅರ್ಥವಂತೆ. ಅತ್ತೆಗೆ ಪೂರ್ತಿ ಭರವಸೆ ಬಂದಿದೆ. ಬೇಡ ಅಂದರೆ ‘ನಿನ್ನಿಂದಲೇ ನನ್ನ ಮಗ ಹೋದ’ ಅಂತಾರೇನೋ ಅಂತ ಭಯ.

ಉತ್ತರ: ತಂಗೀ, ಡಯಾಲಿಸಿಸ್ ಬಿಡಿಸಬೇಡಿ. ಒಂದು ಸಲವೂ ಬೇಡ. ಕಿಡ್ನಿ ಪೂರ್ತಿ ಹೋದವರು ಮಷೀನು ಬಿಟ್ಟರೆ ಮೈಯಲ್ಲಿ ನೀರು ತುಂಬುತ್ತದೆ, ಶ್ವಾಸಕೋಶಕ್ಕೂ ಇಳಿಯುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಂತುಬಿಡಬಹುದು. ಹೆಚ್ಚಿನವರು ಒಂದೆರಡು ವಾರದಲ್ಲಿ ತೀರಿಕೊಳ್ಳುತ್ತಾರೆ. 48ನೇ ದಿನ ನೋಡಲು ಯಾರೂ ಇರುವುದಿಲ್ಲ. ಆ ಮನುಷ್ಯನಿಗೂ ಅದು ಗೊತ್ತಿರಬಹುದು. ಆಗ ‘ನಿಮ್ಮ ನಂಬಿಕೆ ಸಾಲಲಿಲ್ಲ’ ಅಂತ ಹೇಳಿ ಹೋಗುತ್ತಾನೆ. ತಪ್ಪೂ ನಿಮ್ಮ ತಲೆಗೆ, ಸಾಲವೂ ನಿಮ್ಮ ತಲೆಗೆ. ಮೇಲಿನ ಪತ್ರದವರು ಹೆದರಿದ್ದ ಸುಳ್ಳು ಸಮಾಧಾನ ಇಲ್ಲಿದೆ ನೋಡಿ. ಇದಕ್ಕೆ ದರ ಇದೆ, ಗಡುವು ಇದೆ, ಆಸ್ಪತ್ರೆಗೆ ಹೋಗಬೇಡ ಅನ್ನುವ ಷರತ್ತಿದೆ. ನನ್ನಮ್ಮನ ಮುಡಿಪಿನಲ್ಲಿ ಇದ್ದದ್ದು ಒಂದೂಕಾಲು ರೂಪಾಯಿ. ನಂಜುಂಡೇಶ್ವರ ಯಾವತ್ತೂ ಅವರಿಗೆ ಮಗನನ್ನು ಆಸ್ಪತ್ರೆಯಿಂದ ಕರೆದುಕೊಂಡು ಹೋಗು ಅನ್ನಲಿಲ್ಲ.

ಕಾನೂನೂ ನಿಮ್ಮ ಕಡೆ ಇದೆ. ಮಂತ್ರ, ತಾಯತ, ಕವಚದಿಂದ ರೋಗ ವಾಸಿ ಅಂತ ಜಾಹೀರಾತು ಕೊಡುವುದರ ವಿರುದ್ಧ 1954ರಿಂದ ಕೇಂದ್ರದ ಕಾಯ್ದೆ ಇದೆ. ನಮ್ಮ ರಾಜ್ಯದಲ್ಲಿ 2017ರಲ್ಲಿ ವಿಧಾನಮಂಡಲ ಒಪ್ಪಿದ, 2020ರ ಜನವರಿಯಲ್ಲಿ ಜಾರಿಗೆ ಬಂದ ವಾಮಾಚಾರ ತಡೆ ಕಾಯ್ದೆಯೂ ಇದೆ. ಅತ್ತೆಯವರಿಗೆ ಒಂದು ಮಾತು ಹೇಳಿ: ಪ್ರದಕ್ಷಿಣೆ, ಯಾತ್ರೆ, ಭಜನೆ ಯಾವುದನ್ನೂ ಆ ಕಾಯ್ದೆ ತಡೆಯುವುದಿಲ್ಲ. ಭಕ್ತಿ ಬೇರೆ, ಮೋಸ ಬೇರೆ ಅನ್ನುವುದು ಕಾನೂನು ಬರೆದವರಿಗೂ ಗೊತ್ತಿತ್ತು.

ಅತ್ತೆಯನ್ನು ಎದುರು ಹಾಕಿಕೊಳ್ಳಬೇಡಿ. ಅವರು ಹೆದರಿದ ತಾಯಿ. ಮುಂದಿನ ಡಯಾಲಿಸಿಸ್‌ಗೆ ಅವರನ್ನೂ ಕರೆದುಕೊಂಡು ಹೋಗಿ. ಮಷೀನು ಹಚ್ಚುವ ಮೊದಲಿನ ತೂಕ, ಆದ ಮೇಲಿನ ತೂಕ ಕಾಗದದಲ್ಲಿ ಬರೆದುಕೊಳ್ಳಿ. ಎರಡು ಕಿಲೋನೋ ಮೂರು ಕಿಲೋನೋ ನೀರು ಹೊರಗೆ ಬಂದಿರುತ್ತದೆ. ಮಗನ ಕಾಲಿನ ಬಾವು ಇಳಿದದ್ದನ್ನು ಅವರೇ ಮುಟ್ಟಿ ನೋಡಲಿ. ನಿಮ್ಮ ಮಾತಿಗಿಂತ ಅದು ಜಾಸ್ತಿ ಕೆಲಸ ಮಾಡುತ್ತದೆ. ಮನೆಯಲ್ಲಿ ದೀಪ ಹಚ್ಚಲಿ, ಸೋಮವಾರ ಗುಡಿಗೆ ಹೋಗಲಿ, ಯಾರೂ ಬೇಡ ಅನ್ನಬೇಡಿ.

ಒಂದು ಎಚ್ಚರಿಕೆ. ಅಭಿಷೇಕದ ಎಳನೀರು, ಪ್ರಸಾದದ ಬಾಳೆಹಣ್ಣು ನಿಮ್ಮ ಗಂಡನಿಗೆ ಕೊಡಬೇಡಿ. ಎರಡರಲ್ಲೂ ಪೊಟ್ಯಾಸಿಯಂ ಜಾಸ್ತಿ. ಬಾಳೆಹಣ್ಣನ್ನು ಕಣ್ಣಿಗೊತ್ತಿಕೊಂಡು ಮಕ್ಕಳಿಗೆ ಕೊಡಲಿ. ತೀರ್ಥ ಒಂದು ಹನಿ ನಾಲಿಗೆಗೆ ತಾಗಿದರೆ ಸಾಕು.

ಪ್ರಶ್ನೆ: ನಾನು ಬಿ.ಎಸ್ಸಿ. ವಿದ್ಯಾರ್ಥಿನಿ, ಹಾವೇರಿ. ತುಂಬಾ ಜನ ಒಟ್ಟಿಗೆ ಪ್ರಾರ್ಥನೆ ಮಾಡಿದರೆ ರೋಗ ವಾಸಿಯಾಗುತ್ತದೆ ಅನ್ನುವುದಕ್ಕೆ ಪುರಾವೆ ಇದೆಯಾ?

ಉತ್ತರ: ಅಮೆರಿಕದ ಆರು ಆಸ್ಪತ್ರೆಗಳಲ್ಲಿ ಬೈಪಾಸ್ ಆಪರೇಷನ್ ಆದ 1,802 ಜನರ ಮೇಲೆ ಇದನ್ನೇ ಪರೀಕ್ಷೆ ಮಾಡಿದ್ದರು. 2006ರಲ್ಲಿ ಫಲಿತಾಂಶ ಬಂತು. ಕೆಲವರಿಗಾಗಿ ಪರಿಚಯವೇ ಇಲ್ಲದವರು ಪ್ರಾರ್ಥಿಸಿದರು, ಕೆಲವರಿಗೆ ಪ್ರಾರ್ಥಿಸಲಿಲ್ಲ. ಯಾವ ಗುಂಪು ಅಂತ ಗೊತ್ತಿಲ್ಲದ ರೋಗಿಗಳಲ್ಲಿ ವ್ಯತ್ಯಾಸವೇ ಇರಲಿಲ್ಲ. ತೊಂದರೆ ಕಾಣಿಸಿಕೊಂಡವರು ಒಂದು ಕಡೆ ಶೇ. 52, ಇನ್ನೊಂದು ಕಡೆ ಶೇ. 51. ‘ನಿಮಗಾಗಿ ಪ್ರಾರ್ಥಿಸುತ್ತಿದ್ದಾರೆ’ ಅಂತ ಖಚಿತವಾಗಿ ಹೇಳಿಸಿಕೊಂಡವರಲ್ಲಿ ಶೇ. 59 ಮಂದಿಗೆ ತೊಂದರೆಯಾಯಿತು. ಪುರಾವೆ ಕೇಳಿದಿರಿ, ಇದು ಪುರಾವೆ.

ನನಗೆ ಇದರಿಂದ ನಂಬಿಕೆ ಹೋಗಲಿಲ್ಲ, ಯಾಕೆಂದರೆ ದೇವರನ್ನು ನಾನು ಯಾವತ್ತೂ ಮಾತ್ರೆ ಅಂದುಕೊಂಡಿರಲಿಲ್ಲ. ವಾರ್ಡಿನಲ್ಲಿ ನಾನು ಕಂಡದ್ದು ಬೇರೆ. ಸ್ತನ ಕ್ಯಾನ್ಸರಿಗೆ ಕೀಮೋ ತೆಗೆದುಕೊಳ್ಳುತ್ತಿದ್ದ ಒಬ್ಬ ಹೆಂಗಸು ತಿಮ್ಮಪ್ಪನಿಗೆ ಮುಡಿ ಕೊಡುತ್ತೇನೆ ಅಂತ ಹರಕೆ ಹೊತ್ತಿದ್ದರು. ಮೂರನೇ ವಾರ ಕೂದಲು ಗೊಂಚಲು ಗೊಂಚಲಾಗಿ ಬಾಚಣಿಗೆಗೆ ಬಂತು. ‘ದೇವರಿಗೆ ಅಂತ ಇಟ್ಟಿದ್ದೇ ಹೋಯ್ತಲ್ಲ ಸಿಸ್ಟರ್’ ಅಂತ ಅತ್ತರು. ಸೊಂಟದವರೆಗಿನ ಕೂದಲು ಹೋಯಿತು ಅಂತ ಅಳಲಿಲ್ಲ, ಮಾತು ತಪ್ಪಿದೆ ಅಂತ ಅತ್ತರು. ಮತ್ತೆ ಬೆಳೆಯುತ್ತೆ, ಆಗ ಕೊಡಿ ಅಂದೆ. ಆಮೇಲೆ ಅವರು ಒಂದು ಡೋಸನ್ನೂ ತಪ್ಪಿಸಲಿಲ್ಲ. ಮರುವರ್ಷ ತಪಾಸಣೆಗೆ ಬಂದಾಗ ತಲೆ ಬೋಳಾಗಿತ್ತು. ನನ್ನ ಎದೆ ಧಸಕ್ಕೆಂದಿತು, ಕಾಯಿಲೆ ತಿರುಗಿ ಬಂತೇನೋ ಅಂತ. ಅವರು ನಗುತ್ತಾ ಚೀಲದಿಂದ ಲಡ್ಡು ತೆಗೆದರು. ವಾಸಿ ಮಾಡಿದ್ದು ಔಷಧಿ. ಆರು ಸಲ ಆ ಸೂಜಿಗೆ ಕೈ ಚಾಚಲು ಅವರನ್ನು ಬಸ್ ಹತ್ತಿಸಿದ್ದು ತಿಮ್ಮಪ್ಪ. ಇದು ಪುರಾವೆಯಲ್ಲ, ನಾನು ನೋಡಿದ್ದು ಅಷ್ಟೇ.

ಪ್ರಶ್ನೆ: ಶಿವಮೊಗ್ಗದಲ್ಲಿದ್ದೇನೆ, ನಿವೃತ್ತ ಮೇಷ್ಟ್ರು, 71 ವರ್ಷ. ಜೀವನದಲ್ಲಿ ದೇವರಿಗೆ ಕೈ ಮುಗಿದವನಲ್ಲ. ನನ್ನ ಹೆಂಡತಿ ದಿನಾ ತುಳಸಿ ಪೂಜೆ ಮಾಡುತ್ತಿದ್ದಳು. ಅವಳು ಹೋಗಿ ಎಂಟು ತಿಂಗಳಾಯಿತು. ಮಗಳು ‘ಅಪ್ಪ, ಭಜನೆಗೆ ಬಾ, ಮನಸ್ಸು ಹಗುರ ಆಗುತ್ತೆ’ ಅಂತಾಳೆ. ನಂಬದೆ ಹೋದರೆ ಅದು ಮೋಸ ಅಲ್ವಾ? ಹಾಗಂತ ಏನನ್ನೂ ಹಿಡಿದುಕೊಳ್ಳದೆ ಬದುಕುವುದೂ ಆಗುತ್ತಿಲ್ಲ. ಕಟ್ಟೆಯ ತುಳಸಿ ಒಣಗುತ್ತಿದೆ, ಅದನ್ನು ನೋಡಲೂ ಆಗುತ್ತಿಲ್ಲ.

ಉತ್ತರ: ಮೇಷ್ಟ್ರೇ, ನಿಮಗೆ ಬೇಡದ ದೇವರನ್ನು ದುಃಖ ಬಂತು ಅಂತ ಒಪ್ಪಿಕೊಳ್ಳಬೇಕಾಗಿಲ್ಲ. ಭಜನೆಗೆ ಹೋಗಲು ಮನಸ್ಸಾದರೆ ಹೋಗಿ ಹಿಂದೆ ಕೂತುಕೊಳ್ಳಿ. ಮಗಳ ಪಕ್ಕ ಒಂದು ಗಂಟೆ ಕೂತ ಹಾಗಾಯಿತು. ಮನಸ್ಸಿಲ್ಲದಿದ್ದರೆ ಬೇಡ, ಮಗಳಿಗೂ ಹಾಗೇ ಹೇಳಿ.

ನಂಬದವರು ಕೊನೆಗೆ ಒದ್ದಾಡುತ್ತಾರೆ ಅಂತ ಕೆಲವರು ಹೇಳುವುದುಂಟು. ನಾನು ಹಾಗೆ ಕಂಡಿಲ್ಲ. ನಿಮ್ಮ ಕಡೆಯವರೇ ಒಬ್ಬ ತೋಟದವರು ನಮ್ಮ ವಾರ್ಡಿನಲ್ಲಿ ಐದು ವಾರ ಇದ್ದರು. ದೇವರ ಸುದ್ದಿ ಎತ್ತಿದರೆ ಗೋಡೆ ಕಡೆ ತಿರುಗುತ್ತಿದ್ದರು. ಆದರೆ ದಿನಾ ಬೆಳಿಗ್ಗೆ ನನ್ನಿಂದ ಪೇಪರಿನ ಅಡಿಕೆ ಧಾರಣೆ ಓದಿಸಿಕೊಳ್ಳುತ್ತಿದ್ದರು. ರಾಶಿಗೆ ಎಷ್ಟು, ಬೆಟ್ಟೆಗೆ ಎಷ್ಟು. ಆಮೇಲೆ ಮಗನಿಗೆ ಫೋನು, ಹೊಸ ಸಸಿಗಳಿಗೆ ನೆರಳು ಕಟ್ಟಿದ್ದೀಯಾ ಅಂತ. ಆ ಸಸಿ ಫಸಲಿಗೆ ಬರುವಾಗ ತಾವಿರುವುದಿಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಹೋದ ದಿನವೂ ಕೇಳಿಯೇ ಹೋದರು. ಅವರ ಮುಖ ಶಾಂತವಾಗಿತ್ತು.

ತುಳಸಿಗೆ ನೀರು ಹಾಕಿ. ಮಂತ್ರ ಬೇಡ, ಕೈ ಮುಗಿಯುವುದೂ ಬೇಡ. ಬಿಸಿಲು ಏರುವ ಮುಂಚೆ, ಅವರು ಹಾಕುತ್ತಿದ್ದ ಹೊತ್ತಿಗೇ ಒಂದು ಚೊಂಬು ಸಾಕು. ಒಣಗಿದ ತೆನೆಗಳನ್ನು ಚಿವುಟಿ ತೆಗೆಯಿರಿ, ತೆನೆ ತೆಗೆದಷ್ಟೂ ಪಕ್ಕದಿಂದ ಚಿಗುರು ಬರುತ್ತದೆ. ಕಡ್ಡಿ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಗಿಡ ಉಳಿಯುತ್ತದೆ. ಪೂರ್ತಿ ಒಣಗಿದ್ದರೂ ತೆನೆ ಎಸೆಯಬೇಡಿ. ಅಂಗೈಯಲ್ಲಿ ಉಜ್ಜಿದರೆ ಸಾಸಿವೆಗಿಂತ ಸಣ್ಣ ಬೀಜ ಉದುರುತ್ತವೆ. ಅದೇ ಕಟ್ಟೆಯ ಮಣ್ಣಿಗೆ ಮೇಲೆ ಮೇಲೆ ಹಾಕಿ, ತೆಳ್ಳಗೆ ಮಣ್ಣು ಮುಚ್ಚಿ, ನೀರು ಚಿಮುಕಿಸಿ. ಒಂದೆರಡು ವಾರದಲ್ಲಿ ಮೊಳಕೆ ಬಂದರೆ ನನಗೊಂದು ಕಾರ್ಡು ಬರೆಯಿರಿ.